ಬಾದಾಮಿಗೆ ಬಂದ ಕಡಲ ಟಪಾಲು: ಹತ್ತು ತಪ್ಪು ಕಲ್ಪನೆ, ಹತ್ತು ವಾಸ್ತವ

ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಕಾಲದ, ಕ್ರಿ.ಶ. 634–35ರ ಈ ಶಾಸನದ ಪಾಠವನ್ನು ವಿದ್ವಾಂಸ ಎಫ್. ಕೀಲ್‌ಹಾರ್ನ್ ಜರ್ಮನಿಯ ಗಟ್ಟಿಂಗೆನ್ ಊರಿನಲ್ಲಿ ಕುಳಿತು ಪರಿಷ್ಕರಿಸಿದರು. ಅದು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ, 1900–01ರಲ್ಲಿ ಅಚ್ಚಾಯಿತು. ಹುನಗುಂದ ತಾಲ್ಲೂಕಿನ ಈ ಗೋಡೆಯ ಮೇಲಿನ ಅಕ್ಷರಗಳ ಪ್ರತಿ ಕಡಲು ದಾಟದೆ ಇದು ಆಗುವ ಕೆಲಸವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ವಿದ್ವಾಂಸರಿಗೆ ನಿತ್ಯದ ವ್ಯವಹಾರವಾಗಿತ್ತು. ಅದೇ ಶತಮಾನದ ಮೊದಲಲ್ಲಾದರೆ ಯಾರೂ ಊಹಿಸುವಂತಿರಲಿಲ್ಲ.

ಈ ಬದಲಾವಣೆಯನ್ನು ಶಾಲೆಯ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ: ಉಗಿಯಂತ್ರ ಬಂತು, ಸೂಯೆಜ್ ಕಾಲುವೆ ತೆರೆಯಿತು, ದೂರ ಕಡಿಮೆಯಾಯಿತು. ನಡೆದದ್ದು ಇದಕ್ಕಿಂತ ದೊಡ್ಡದು. ಕಡಲ ಟಪಾಲನ್ನು ಕಟ್ಟಿದ್ದು ಏರ್ಪಾಟು. ಚೀಲವು ಹಡಗಿನಿಂದ ಹಡಗಿಗೆ, ಹಡಗಿನಿಂದ ರೈಲಿಗೆ, ರೈಲಿನಿಂದ ಓಟಗಾರನ ಹೆಗಲಿಗೆ ದಾಟುವ ಒಂದೊಂದು ಜಾಗವನ್ನೂ ಯಾರೋ ಲೆಕ್ಕ ಹಾಕಿ, ಹಣ ಸುರಿದು, ಜಗಳವಾಡಿ ಜೋಡಿಸಿದ್ದರು. ಆ ಜೋಡಣೆಗೆ ನಮ್ಮ ಸೀಮೆಯ ರೈತನೂ ತೆರಿಗೆ ಕೊಟ್ಟಿದ್ದಾನೆ. ಆದ್ದರಿಂದ ಅದರ ಬಗ್ಗೆ ಬೇರೂರಿರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ತಿದ್ದಿಕೊಳ್ಳುವುದು ನಮ್ಮ ಇತಿಹಾಸವನ್ನೇ ಸರಿಯಾಗಿ ಓದಿಕೊಂಡಂತೆ.

ತಪ್ಪು ಕಲ್ಪನೆ 1: ಕಡಲ ಟಪಾಲು ಕರಾವಳಿಯವರ ವಿಷಯ, ಬಾದಾಮಿ, ಬಾಗಲಕೋಟೆಗೆ ಅದರ ಸಂಬಂಧವಿಲ್ಲ.

ವಾಸ್ತವ: 1818ರಲ್ಲಿ ಬಾದಾಮಿ ಕೋಟೆ ಥಾಮಸ್ ಮನ್ರೋನ ವಶವಾಯಿತು. ಪೇಶ್ವೆಯರ ಆಳಿಕೆ ಮುಗಿದು ಈ ಸೀಮೆ ಮುಂದೆ ಮುಂಬೈ ಆಧಿಪತ್ಯಕ್ಕೆ ಸೇರಿತು. 1864ರಲ್ಲಿ ಕಲಾದಗಿಯನ್ನು ಕೇಂದ್ರ ಮಾಡಿಕೊಂಡು ಜಿಲ್ಲೆಯೊಂದು ರಚನೆಯಾಯಿತು. 1885ರಲ್ಲಿ ಕೇಂದ್ರ ವಿಜಾಪುರಕ್ಕೆ ಹೋಯಿತು. ಕಲಾದಗಿಯ ಕಚೇರಿ ಉತ್ತರ ಕೊಡಬೇಕಾದದ್ದು ಮುಂಬೈಗೆ, ಮುಂಬೈ ಉತ್ತರ ಕೊಡಬೇಕಾದದ್ದು ಲಂಡನ್ನಿಗೆ. ಆಡಳಿತದ ಈ ಸರಪಳಿಯ ಒಂದು ಭಾಗ ನೀರಿನ ಮೇಲೇ ಇತ್ತು.

ಸರ್ಕಾರದ ಹೊರಗೂ ನಂಟುಗಳಿದ್ದವು. ಖಣದ ಊರಾದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ 1851ರಲ್ಲಿ ತನ್ನ ಠಾಣ್ಯ ಹೂಡಿತು. ಅಲ್ಲಿನ ಮಿಷನರಿಗಳು ವರದಿ ಕಳಿಸಬೇಕಾದದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರಕ್ಕೆ. ಹುನಗುಂದದಿಂದ ಕೃಷ್ಣೆಯ ಆಚೆಗಿನ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದ ಸುದ್ದಿ ಬರೆಯುತ್ತಿದ್ದ. 1855ರಲ್ಲಿ ಮುಂಬೈ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಕ್ಯಾಪ್ಟನ್ ಥಾಮಸ್ ಬಿಗ್ಸ್ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರ ತೆಗೆದ. ಅವುಗಳಲ್ಲಿ ಕೆಲವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇವರೆಗೆ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ಪುರಾತತ್ತ್ವ ಸರ್ವೇಕ್ಷಣೆ ಮಾಡಿದರು. ಮೇ ತಿಂಗಳಲ್ಲಿ ಮುಗಿದ ಆ ಕೆಲಸದ ವರದಿ ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾಯಿತು. ಐವತ್ತು ವರ್ಷ ಹಿಂದಾಗಿದ್ದರೆ ಹಡಗು ಆಫ್ರಿಕದ ಗುಡ್‌ಹೋಪ್ ಭೂಶಿರ ಸುತ್ತಿ ಇಂಗ್ಲೆಂಡ್ ಮುಟ್ಟುವುದಕ್ಕೇ ನಾಲ್ಕೈದು ತಿಂಗಳು ಹೋಗುತ್ತಿತ್ತು.

ತಪ್ಪು ಕಲ್ಪನೆ 2: ಆಗಬೋಟು ಬಂದದ್ದೇ ತಡ, ಪತ್ರ ಬೇಗ ತಲುಪತೊಡಗಿತು.

ವಾಸ್ತವ: ಮೊದಲ ಪ್ರಯತ್ನಗಳು ನಿರಾಸೆ ತಂದವು. 1825ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಿಟ್ಟ ‘ಎಂಟರ್‌ಪ್ರೈಸ್’ ಎಂಬ ಆಗಬೋಟು ಕಲ್ಕತ್ತಾ ಮುಟ್ಟಿದ್ದು ಡಿಸೆಂಬರಿನಲ್ಲಿ. ಕಲ್ಲಿದ್ದಲು ಸಾಲದೆ ದಾರಿಯಲ್ಲಿ ಎಷ್ಟೋ ದಿನ ಹಾಯಿ ಬಿಚ್ಚಿಯೇ ಸಾಗಬೇಕಾಯಿತು. ಒಳ್ಳೆಯ ಹಾಯಿಹಡಗೂ ಹೆಚ್ಚು ಕಡಿಮೆ ಅಷ್ಟೇ ಸಮಯದಲ್ಲಿ ಬರುತ್ತಿತ್ತು.

ದಾರಿ ತೋರಿಸಿದ್ದು ಮುಂಬೈ. ಅಲ್ಲಿನ ಹಡಗುಕಟ್ಟೆಯಲ್ಲೇ ತಯಾರಾದ 411 ಟನ್ನಿನ ‘ಹ್ಯೂ ಲಿಂಡ್ಸೆ’ 1830ರ ಮಾರ್ಚ್ 20ರಂದು ಹೊರಟು ಏಪ್ರಿಲ್ 22ರಂದು ಸೂಯೆಜ್ ತಲುಪಿತು. ನಡುವಿನ ಏಡನ್ ಬಂದರಿನವರೆಗೆ ಬೇಕಾಗುವಷ್ಟು ಕಲ್ಲಿದ್ದಲು ಹಿಡಿಸುವ ಜಾಗ ಅದರಲ್ಲಿರಲಿಲ್ಲ. ಆದ್ದರಿಂದ ಸಿಕ್ಕ ಮೂಲೆಯಲ್ಲೆಲ್ಲ ಕಲ್ಲಿದ್ದಲು ತುಂಬಿದರು. ಹಾಗಿದ್ದೂ ಏಡನ್ ಮುಟ್ಟುವಾಗ ಅದು ಬಹುತೇಕ ಬರಿದಾಗಿತ್ತು. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಖರ್ಚು ನೋಡಿ ಮುಖ ಸಿಂಡರಿಸಿದರು. ಮುಂಗಾರು ಮಳೆಗಾಲದಲ್ಲಂತೂ ಅರಬ್ಬೀ ಸಮುದ್ರದ ನೈರುತ್ಯ ಮಾರುತಕ್ಕೆ ಎದುರಾಗಿ ಹೋಗುವ ಶಕ್ತಿ ಆ ಕಾಲದ ಯಂತ್ರಗಳಿಗೆ ಇರಲಿಲ್ಲ.

ಸಮಸ್ಯೆ ಬಿಡಿಸಿದ್ದು ಕಲ್ಲಿದ್ದಲಿನ ಕೋಠಿಗಳು. ಮುಂಬೈ ಸರ್ಕಾರದ ಪರವಾಗಿ ಕ್ಯಾಪ್ಟನ್ ಹೇನ್ಸ್ 1839ರ ಜನವರಿ 19ರಂದು ಏಡನ್ ಹಿಡಿದ. ಅಲ್ಲಿಂದ ಮುಂದೆ ಅದು ಹಡಗುಗಳಿಗೆ ಕಲ್ಲಿದ್ದಲು ತುಂಬುವ ದೊಡ್ಡ ನಿಲ್ದಾಣವಾಯಿತು. ಆ ಕಲ್ಲಿದ್ದಲಿನ ಬಹುಪಾಲು ಬರುತ್ತಿದ್ದದ್ದು ಬ್ರಿಟನ್ನಿನಿಂದ, ಅದೂ ಗುಡ್‌ಹೋಪ್ ಭೂಶಿರ ಸುತ್ತಿ ಬರುವ ಹಾಯಿಹಡಗುಗಳಲ್ಲಿ. ಒಂದು ಕಡೆ ವೇಗದ ಟಪಾಲು, ಅದರ ಹಿಂದೆ ತಿಂಗಳುಗಟ್ಟಲೆ ನಿಧಾನವಾಗಿ ತೇಲಿಬರುವ ಇಂಧನ. ಹಳೆಯ ತಂತ್ರದ ಹೆಗಲೇರಿಯೇ ಹೊಸ ತಂತ್ರ ನಡೆಯಿತು.

ತಪ್ಪು ಕಲ್ಪನೆ 3: ಸೂಯೆಜ್ ಕಾಲುವೆ ತೆರೆದ ಮೇಲೆಯೇ ಹತ್ತಿರದ ದಾರಿ ಸಿಕ್ಕಿತು.

ವಾಸ್ತವ: ಕಾಲುವೆ ತೆರೆದದ್ದು 1869ರ ನವೆಂಬರ್ 17ರಂದು. ಅದಕ್ಕೂ ಮೂವತ್ತು ವರ್ಷ ಮೊದಲೇ ಈಜಿಪ್ಟ್ ಮೂಲಕ ನೆಲದ ಟಪಾಲು ನಡೆಯುತ್ತಿತ್ತು. ಅಲೆಕ್ಸಾಂಡ್ರಿಯಾದಿಂದ ಬೇರೊಂದು ಕಾಲುವೆಯ ದೋಣಿ, ಆಮೇಲೆ ನೈಲ್ ನದಿಯ ಮೇಲೆ ಕೈರೋ, ಅಲ್ಲಿಂದ ಸುಮಾರು 135 ಕಿಲೋಮೀಟರ್ ಮರಳುಗಾಡು ದಾಟಿ ಸೂಯೆಜ್. ಟಪಾಲಿನ ಪೆಟ್ಟಿಗೆಗಳು ಒಂಟೆಯ ಬೆನ್ನೇರಿ ಸಾಗುತ್ತಿದ್ದವು. ಈ ದಾರಿಗಾಗಿ ಥಾಮಸ್ ವಾಘಾರ್ನ್ ಎಂಬ ಇಂಗ್ಲಿಷ್ ನಾವಿಕ ಜೀವ ತೇದ. ಆದರೆ ಅವನೊಬ್ಬನೇ ದಾರಿ ಕಟ್ಟಿದ ಎನ್ನುವುದು ಅರ್ಧ ಸತ್ಯ. ಈಜಿಪ್ಟಿನ ಆಡಳಿತಗಾರ ಮೊಹಮ್ಮದ್ ಅಲಿಯ ಒಪ್ಪಿಗೆ, ಒಂಟೆ ನಡೆಸುವವರ ದುಡಿಮೆ, ಮುಂಬೈಯಿಂದ ಬರುವ ಹಡಗು ಎಲ್ಲವೂ ಕೂಡಿದಾಗಲೇ ದಾರಿ ನಡೆಯಿತು. 1850ರ ದಶಕದಲ್ಲಿ ಅಲೆಕ್ಸಾಂಡ್ರಿಯಾ–ಕೈರೋ ರೈಲು ಬಂತು; 1858ರಲ್ಲಿ ಅದು ಸೂಯೆಜ್‌ವರೆಗೆ ಮುಟ್ಟಿತು.

ಇನ್ನೂ ಅಚ್ಚರಿಯ ಸಂಗತಿ ಇದು: ಕಾಲುವೆ ತೆರೆದ ಮೇಲೂ ಬ್ರಿಟಿಷ್ ಟಪಾಲು ಬಹುಕಾಲ ಈಜಿಪ್ಟಿನ ರೈಲಿನಲ್ಲೇ ಹೋಯಿತು. ಕರಾರಿನಲ್ಲಿ ರೈಲು ದಾರಿಯನ್ನೇ ಬರೆದಿತ್ತು. ರೈಲಿಗೆ ಹೋಲಿಸಿದರೆ ಕಾಲುವೆಯಲ್ಲಿ ಹಡಗು ಮೆಲ್ಲಗೆ ಸಾಗುತ್ತಿತ್ತು. ವೇಗದ ಟಪಾಲು ಪೂರ್ತಿಯಾಗಿ ಕಾಲುವೆಗೆ ಬಂದದ್ದು 1888ರಲ್ಲಿ. ಆ ನಡುವೆ ದಿನಗಳನ್ನು ಉಳಿಸಿದ್ದು ಯುರೋಪಿನ ರೈಲು. 1871ರಲ್ಲಿ ಆಲ್ಪ್ಸ್ ಪರ್ವತದ ಕೆಳಗೆ ಮಾಂಟ್ ಸೆನಿಸ್ ಸುರಂಗ ತೆರೆಯಿತು. ಅಲ್ಲಿಂದ ಇಟಲಿಯ ತುದಿಯ ಬ್ರಿಂಡಿಸಿವರೆಗೆ ಚೀಲಗಳು ರೈಲಿನಲ್ಲಿ ಓಡಿ, ಅಲ್ಲಿ ಹಡಗು ಹತ್ತುತ್ತಿದ್ದವು. ಕಡಲ ಟಪಾಲಿನ ವೇಗವನ್ನು ಹೆಚ್ಚಿಸಿದ್ದರಲ್ಲಿ ನೆಲದ ಪಾಲು ನಾವು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು.

ತಪ್ಪು ಕಲ್ಪನೆ 4: ಹಡಗು ಖಾಸಗಿ ಕಂಪನಿಯದು, ಖರ್ಚೂ ಅದರದೇ, ಲಾಭವೂ ಅದರದೇ.

ವಾಸ್ತವ: ಭಾರತದ ಕಡಲ ಟಪಾಲೆಂದರೆ ಮೊದಲು ನೆನಪಾಗುವ ಹೆಸರು ಪಿ ಅಂಡ್ ಒ, ಅಂದರೆ ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿ. ಅದಕ್ಕೆ 1840ರಲ್ಲಿ ರಾಜ ಸನದು ದೊರೆಯಿತು. 1842ರ ಸೆಪ್ಟೆಂಬರ್ 24ರಂದು ಅದರ ‘ಹಿಂದೋಸ್ತಾನ್’ ಸೌತಾಂಪ್ಟನ್ ಬಿಟ್ಟು ಕಲ್ಕತ್ತಾದತ್ತ ಹೊರಟಿತು. ಮುಂದೆ ಸೂಯೆಜ್, ಸಿಲೋನಿನ ಗಾಲೆ, ಮದ್ರಾಸು, ಕಲ್ಕತ್ತಾ ದಾರಿಯಲ್ಲಿ ಟಪಾಲು ಶುರುವಾಯಿತು. ಮುಂಬೈ–ಸೂಯೆಜ್ ದಾರಿ ಮಾತ್ರ ಆ ಕಂಪನಿಯ ಕೈಗೆ ಕೂಡಲೇ ಸಿಗಲಿಲ್ಲ. 1854ರವರೆಗೆ ಅಲ್ಲಿ ಚೀಲ ಒಯ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ನೌಕಾಪಡೆಯ ಹಡಗುಗಳು. ಗುಳೇದಗುಡ್ಡದ ಮಿಷನರಿಯ ಮೊದಮೊದಲ ಪತ್ರಗಳು ಮುಂಬೈ ಬಿಟ್ಟದ್ದು ಇಂಥ ಹಡಗುಗಳ ಕಾಲದಲ್ಲಿ.

ಟಪಾಲಿನ ಅಂಚೆಶುಲ್ಕದಿಂದಲೇ ಇಂಥ ಹಡಗು ಓಡಿಸುವುದು ಅಸಾಧ್ಯವಾಗಿತ್ತು. ಸರ್ಕಾರ ಕರಾರು ಬರೆದು ವರ್ಷಕ್ಕೆ ಇಂತಿಷ್ಟು ಎಂದು ಹಣ ಕೊಡುತ್ತಿತ್ತು. 1868ರಲ್ಲಿ ಜಾರಿಗೆ ಬಂದ ಕರಾರಿನಲ್ಲಿ ಈ ಮೊತ್ತ ವರ್ಷಕ್ಕೆ 4 ಲಕ್ಷ ಪೌಂಡು ಮುಟ್ಟಿತ್ತು. ಪ್ರತಿಯಾಗಿ ಕಂಪನಿ ಹೊರಡುವ ದಿನ, ತಲುಪುವ ಗಂಟೆ ಪಾಲಿಸಬೇಕು. ತಪ್ಪಿದರೆ ದಂಡ ತೆರಬೇಕು. ಮಳೆಗಾಲಕ್ಕೆ ಮಾತ್ರ ಹೆಚ್ಚಿನ ಸಮಯದ ರಿಯಾಯಿತಿ ಇತ್ತು. ಈ ವೆಚ್ಚದ ಒಂದು ಪಾಲು ಭಾರತದ ಬೊಕ್ಕಸದಿಂದ ಹೋಗುತ್ತಿತ್ತು. ಆ ಬೊಕ್ಕಸದ ದೊಡ್ಡ ಆದಾಯ ಭೂಕಂದಾಯ. ಮಲಪ್ರಭೆಯ ದಂಡೆಯಲ್ಲಿ ಬಿಳಿಜೋಳ ಬೆಳೆದು ಕಂದಾಯ ಕಟ್ಟಿದ ರೈತ, ಜೀವಮಾನದಲ್ಲಿ ಒಂದೂ ಪತ್ರ ಬರೆಯದಿದ್ದರೂ, ಆ ಹಡಗಿಗೆ ಹಣ ಕೊಟ್ಟವರಲ್ಲಿ ಒಬ್ಬ. ಈ ಮಾತನ್ನು ನಮ್ಮ ಇತಿಹಾಸದ ಪುಸ್ತಕಗಳು ಎತ್ತಿ ಹೇಳಬೇಕು.

ತಪ್ಪು ಕಲ್ಪನೆ 5: ಸಾಮ್ರಾಜ್ಯ ಒಂದೇ ಆದ್ದರಿಂದ ಅಂಚೆಯೂ ಒಂದೇ ಇತ್ತು, ಒಂದು ವಸಾಹತಿನಿಂದ ಇನ್ನೊಂದಕ್ಕೆ ಹೋಗುವ ಪತ್ರ ಲಂಡನ್ ಮೂಲಕವೇ ಸಾಗಬೇಕಿತ್ತು.

ವಾಸ್ತವ: ಮುಂಬೈಯಿಂದ ಸಿಡ್ನಿಗೆ ಪತ್ರ ಹೋಗಲು ಲಂಡನ್ ಸುತ್ತಬೇಕಾಗಿರಲಿಲ್ಲ. ಸಿಲೋನಿನ ಗಾಲೆ ಬಂದರು ಆ ಕಾಲದ ಕಡಲ ಜಂಕ್ಷನ್. ಸೂಯೆಜ್‌ನಿಂದ ಬಂದ ಹಡಗು, ಕಲ್ಕತ್ತಾದ ಹಡಗು, 1845ರಿಂದ ಪಿನಾಂಗ್–ಸಿಂಗಪುರ–ಹಾಂಗ್‌ಕಾಂಗ್ ಕಡೆಯ ಹಡಗು, ಆಮೇಲೆ ಆಸ್ಟ್ರೇಲಿಯದ ಹಡಗು ಎಲ್ಲವೂ ಅಲ್ಲಿ ಕೂಡಿ ಚೀಲ ಬದಲಿಸಿಕೊಳ್ಳುತ್ತಿದ್ದವು. ಒಂದು ಹಡಗು ತಡವಾದರೆ ಉಳಿದವು ಕಾಯಬೇಕೇ ಬಿಡಬೇಕೇ ಎಂಬುದು ದೊಡ್ಡ ತಲೆನೋವಾಗಿತ್ತು. ಕೊಲಂಬೊದಲ್ಲಿ ಅಲೆತಡೆಗೋಡೆ ಕಟ್ಟಿದ ಮೇಲೆ, 1880ರ ದಶಕದಲ್ಲಿ, ಈ ಕೆಲಸ ಗಾಲೆಯಿಂದ ಅಲ್ಲಿಗೆ ಸರಿಯಿತು.

ಹಿಂದೂ ಮಹಾಸಾಗರದ ಸುತ್ತಲಿನ ಊರುಗಳನ್ನು ಹೆಣೆದದ್ದು ಇನ್ನೊಂದು ಕಂಪನಿ. ವಿಲಿಯಂ ಮೆಕಿನನ್ 1856ರಲ್ಲಿ ಕಟ್ಟಿದ ಕಲ್ಕತ್ತಾ–ಬರ್ಮಾ ಕಂಪನಿ 1862ರಲ್ಲಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಆಯಿತು. ಭಾರತ ಸರ್ಕಾರದ ಕರಾರಿನ ಮೇಲೆ ಅದು ರಂಗೂನ್, ಕರಾಚಿ, ಪರ್ಷಿಯನ್ ಕೊಲ್ಲಿಗಳಿಗೆ ಟಪಾಲು ಒಯ್ದಿತು. 1872ರಲ್ಲಿ ಏಡನ್–ಜಾಂಜಿಬಾರ್ ದಾರಿಯನ್ನೂ ಸೇರಿಸಿಕೊಂಡಿತು.

ಒಗ್ಗಟ್ಟು ಮಾತ್ರ ಇರಲಿಲ್ಲ. ಆಸ್ಟ್ರೇಲಿಯದ ವಸಾಹತುಗಳಂತೂ ಟಪಾಲಿನ ದಾರಿಯ ಬಗ್ಗೆ ವರ್ಷಗಟ್ಟಲೆ ಕಿತ್ತಾಡಿದವು. ಮೆಲ್ಬರ್ನಿನವರಿಗೆ ಗಾಲೆಯ ದಾರಿ ಬೇಕು. ಅದರಲ್ಲಿ ಮೊದಲು ಸಿಗುವ ದೊಡ್ಡ ಬಂದರು ತಮ್ಮದು. ಕ್ವೀನ್ಸ್‌ಲೆಂಡಿನವರಿಗೆ ಟಾರೆಸ್ ಜಲಸಂಧಿಯ ದಾರಿ ಬೇಕು. ಸಿಡ್ನಿ ಮತ್ತು ನ್ಯೂಜಿಲೆಂಡ್ ಪೆಸಿಫಿಕ್ ಕಡೆ ಮುಖ ಮಾಡಿ 1866ರಲ್ಲಿ ಪನಾಮಾ ದಾರಿ ಹಿಡಿದವು. ಎರಡೇ ಮೂರು ವರ್ಷದಲ್ಲಿ ಅದು ನಿಂತಿತು. ಕ್ರಿಮಿಯಾ ಯುದ್ಧಕ್ಕೆ ಹಡಗುಗಳು ಬೇಕಾದಾಗ ಪಿ ಅಂಡ್ ಒ ತನ್ನ ಆಸ್ಟ್ರೇಲಿಯ ಟಪಾಲನ್ನೇ ಕೆಲವು ವರ್ಷ ಕೈಬಿಟ್ಟಿತು. ಒಂದೇ ಕೈ ಇದನ್ನೆಲ್ಲ ಆಡಿಸುತ್ತಿತ್ತು ಎನ್ನುವುದಕ್ಕೆ ಈ ಇತಿಹಾಸದಲ್ಲಿ ಆಧಾರವಿಲ್ಲ.

ತಪ್ಪು ಕಲ್ಪನೆ 6: ಟಪಾಲು ಹಡಗು ಹತ್ತಿದ ಪತ್ರ ತಲುಪಿದಂತೆಯೇ ಸರಿ.

ವಾಸ್ತವ: ವೇಳಾಪಟ್ಟಿಯ ಒತ್ತಡದಲ್ಲಿ ರಾತ್ರಿಯೂ ಓಡುತ್ತಿದ್ದ ಹಡಗುಗಳಿಗೆ ಹವಳದ ದಿಬ್ಬಗಳು ಕಾದು ಕೂತಿದ್ದವು. 1862ರ ನವೆಂಬರಿನಲ್ಲಿ ಪಿ ಅಂಡ್ ಒದ ‘ಕೊಲಂಬೊ’ ಮಿನಿಕಾಯ್ ದ್ವೀಪದಲ್ಲಿ ಒಡೆಯಿತು. 1869ರ ಸೆಪ್ಟೆಂಬರಿನಲ್ಲಿ, ಕಾಲುವೆ ತೆರೆಯಲು ಎರಡು ತಿಂಗಳಷ್ಟೇ ಉಳಿದಿದ್ದಾಗ, ಸೂಯೆಜ್‌ನಿಂದ ಮುಂಬೈಗೆ ಹೊರಟ ‘ಕರ್ನಾಟಿಕ್’ ಕೆಂಪು ಸಮುದ್ರದ ಅಬು ನುಹಾಸ್ ದಿಬ್ಬಕ್ಕೆ ತಾಗಿತು. ಮರುದಿನ ಇನ್ನೊಂದು ಹಡಗು ಬಂದೀತೆಂದು ಪ್ರಯಾಣಿಕರು ಅದರಲ್ಲೇ ಕಾದರು. ಹಡಗು ಎರಡಾಗಿ ಮುರಿದು ಸುಮಾರು ಮೂವತ್ತು ಜನ ಸತ್ತರು. ಅದರಲ್ಲಿ ಟಪಾಲು, ತಾಮ್ರ, 40,000 ಪೌಂಡು ಬೆಲೆಯ ಚಿನ್ನ ಇತ್ತು.

ಇದನ್ನು ಬಲ್ಲ ವ್ಯಾಪಾರಿಗಳು ಮುಖ್ಯ ಪತ್ರದ ನಕಲನ್ನು ಮುಂದಿನ ಹಡಗಿಗೆ ಹಾಕುತ್ತಿದ್ದರು. ಎರಡೂ ತಲುಪಿದರೆ ಒಳ್ಳೆಯದು. ಒಂದಾದರೂ ತಲುಪಲಿ ಎಂಬ ಲೆಕ್ಕ.

ಈ ಹಡಗುಗಳನ್ನು ನಡೆಸಿದವರು ಬ್ರಿಟಿಷರಷ್ಟೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಧಿಕಾರಿಗಳು ಬ್ರಿಟಿಷರು, ಮೇಲಟ್ಟದ ಖಲಾಸಿಗಳಲ್ಲಿ ಕೊಂಕಣ, ಗುಜರಾತಿನವರು ಬಹಳ, ಉರಿಯುವ ಒಲೆಗಳಿಗೆ ಕಲ್ಲಿದ್ದಲು ಒಟ್ಟುವ ಕೆಲಸದಲ್ಲಿ ಪಂಜಾಬಿನ ಕಡೆಯವರು, ಊಟೋಪಚಾರಕ್ಕೆ ಗೋವಾದವರು. ಕೆಂಪು ಸಮುದ್ರದ ಬಿಸಿಲಿನಲ್ಲಿ ಯಂತ್ರದ ಕೋಣೆಯ ಒಳಗೆ ಇವರು ಸುರಿಸಿದ ಬೆವರಿನ ಮೇಲೆ ಆ ವೇಳಾಪಟ್ಟಿ ನಿಂತಿತ್ತು.

ತಪ್ಪು ಕಲ್ಪನೆ 7: ಕಠಿಣ ಭಾಗ ಸಮುದ್ರದ್ದು, ಮುಂಬೈ ಮುಟ್ಟಿದ ಮೇಲೆ ಎಲ್ಲ ಸುಲಭ.

ವಾಸ್ತವ: ಚೀಲ ಮುಂಬೈಯಲ್ಲಿ ಬಿಚ್ಚಿ, ಊರುಗಳ ಪ್ರಕಾರ ಬೇರೆ ಮಾಡಿ, ಮತ್ತೆ ಕಟ್ಟುವುದಕ್ಕೇ ಗಂಟೆಗಟ್ಟಲೆ ಹೋಗುತ್ತಿತ್ತು. 1868ರಿಂದ ಈ ವಿಂಗಡಣೆಯನ್ನು ಹಡಗಿನ ಮೇಲೆಯೇ ಮಾಡುವ ಕಡಲ ಅಂಚೆ ಕಚೇರಿ ಶುರುವಾಯಿತು. ಹಡಗು ತೂಗಾಡುತ್ತಿರುವಾಗ, ಸೆಖೆಯಲ್ಲಿ, ದೀಪದ ಬೆಳಕಿನಲ್ಲಿ ಗುಮಾಸ್ತರು ಭಾರತದ ಊರುಗಳಿಗೆ ಹೋಗುವ ಪತ್ರಗಳನ್ನು ಬೇರೆ ಮಾಡುತ್ತಿದ್ದರು. ದಡ ಮುಟ್ಟಿದ ಕೂಡಲೇ ಚೀಲ ನೇರ ರೈಲಿಗೆ ಹೋಗುತ್ತಿತ್ತು.

ರೈಲಿನ ಆಚೆ ಇನ್ನೊಂದು ಲೋಕ. ಪುಣೆಯ ಭೋರ್ ಘಾಟಿನ ರೈಲು ತೆರೆದದ್ದು 1863ರಲ್ಲಿ. ಅಲ್ಲಿಂದ ಮುಂದೆ ಮುಂಬೈ–ಸೊಲ್ಲಾಪುರ ಪಯಣ ದಿನಗಳಿಂದ ಗಂಟೆಗಳಿಗೆ ಇಳಿಯಿತು. ಆದರೆ ನಮ್ಮ ಕಡೆಗೆ ರೈಲು ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಚೀಲ ಸಾಗಿದ್ದು ಓಟಗಾರರ ಹೆಗಲ ಮೇಲೆ. ಒಬ್ಬ ಕೆಲವು ಮೈಲಿ ಓಡಿ ಮುಂದಿನವನಿಗೆ ದಾಟಿಸುತ್ತಿದ್ದ. ಕೈಯಲ್ಲಿ ಈಟಿ, ಅದಕ್ಕೆ ಕಟ್ಟಿದ ಗೆಜ್ಜೆ. ಮಳೆಗಾಲದಲ್ಲಿ ಭೀಮೆ, ಕೃಷ್ಣೆ, ಘಟಪ್ರಭೆ, ಮಲಪ್ರಭೆ ತುಂಬಿ ಹರಿದರೆ ದಾಟುವುದಕ್ಕೆ ಹರಗೋಲೇ ಗತಿ. ನೀರು ಇಳಿಯುವವರೆಗೆ ಟಪಾಲೂ ಕಾಯಬೇಕು. ಮೂರು ಸಮುದ್ರ ದಾಟಿ ಬಂದ ಲಕೋಟೆ ಕೊಲ್ಹಾರದ ದಡದಲ್ಲಿ ನಿಲ್ಲುವುದು ಆ ಕಾಲದಲ್ಲಿ ಆಗಬಹುದಾದ ಸಂಗತಿಯೇ.

1876–78ರ ಭೀಕರ ಬರದ ನಂತರ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ ಹಾಕಿದರು. 1880ರ ದಶಕದ ನಡುವಿಗೆ ಅದು ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದು ಓಡತೊಡಗಿತು. ಆಗ ಬಾದಾಮಿ ನಿಲ್ದಾಣಕ್ಕೂ ಲಂಡನ್ನಿಗೂ ನಡುವೆ ಉಗಿಯ ದಾರಿ ಮೊದಲ ಬಾರಿಗೆ ಪೂರ್ತಿ ಕೂಡಿಕೊಂಡಿತು. ಹುನಗುಂದ, ಇಳಕಲ್ಲಿನ ಕಡೆಗೆ ಮಾತ್ರ ಕಾಲುನಡಿಗೆಯ ಟಪಾಲು ಮುಂದುವರಿಯಿತು.

ತಪ್ಪು ಕಲ್ಪನೆ 8: ಅರ್ಧ ಆಣೆಯ ಚೀಟಿ ಹಚ್ಚಿದರೆ ಪತ್ರ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು.

ವಾಸ್ತವ: ಅರ್ಧ ಆಣೆಯ ಸಮಾನ ದರ 1854ರ ಅಕ್ಟೋಬರ್ 1ರಿಂದ ಬಂತು. ಅದು ಕಾಲು ತೊಲ ತೂಕದ ಒಳನಾಡಿನ ಪತ್ರಕ್ಕೆ ಮಾತ್ರ. ಅದಕ್ಕೂ ಮೊದಲು ದೂರ ನೋಡಿ ದರ. 1837ರ ಕಾನೂನಿನಂತೆ ಕಲ್ಕತ್ತಾದಿಂದ ಮುಂಬೈಗೆ ಒಂದು ತೊಲದ ಪತ್ರಕ್ಕೆ ಒಂದು ರೂಪಾಯಿ. ಸಮುದ್ರದ ಆಚೆಯ ಪತ್ರಕ್ಕೆ ಬೇರೆಯೇ ಲೆಕ್ಕ. ಅದರಲ್ಲೂ ದಾರಿಗೊಂದು ದರ: ಸೌತಾಂಪ್ಟನ್ ಮೂಲಕ ಇಡೀ ಕಡಲ ದಾರಿ ಅಗ್ಗ, ನಿಧಾನ, ಫ್ರಾನ್ಸಿನ ಮಾರ್ಸೇಲ್ಸ್ ಮೂಲಕ ದುಬಾರಿ, ಬೇಗ. ಯಾವ ದಾರಿ ಎಂಬುದನ್ನು ಲಕೋಟೆಯ ಮೇಲೆ ಕಳಿಸುವವರೇ ಬರೆಯುತ್ತಿದ್ದರು.

ಗುಳೇದಗುಡ್ಡದಿಂದ ಬಾಸೆಲ್‌ಗೆ ಹೋಗುವ ಪತ್ರದ ಪಾಡು ಇನ್ನೂ ತೊಡಕಿನದು. ಭಾರತದ ಅಂಚೆ, ಕಡಲ ಅಂಚೆ, ಈಜಿಪ್ಟಿನ ದಾಟು, ಆಮೇಲೆ ಫ್ರಾನ್ಸ್ ಅಥವಾ ಆಸ್ಟ್ರಿಯಾ, ಕೊನೆಗೆ ಸ್ವಿಟ್ಜರ್‌ಲೆಂಡ್. ಪ್ರತಿ ದೇಶಕ್ಕೂ ಅದರದೇ ಪಾಲು ಸಲ್ಲಬೇಕು. ಎರಡೆರಡು ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಬೇರೆ ತೂಕ, ಬೇರೆ ನಾಣ್ಯ.

ಈ ಗೋಜಲನ್ನು ಬಿಡಿಸಿದ್ದು 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದ ಒಪ್ಪಂದ. ಸದಸ್ಯ ದೇಶಗಳೆಲ್ಲ ಒಂದೇ ಅಂಚೆ ಸೀಮೆ ಎಂದು ಅದು ಸಾರಿತು. ಪತ್ರ ಕಳಿಸಿದ ದೇಶವೇ ಶುಲ್ಕ ಇಟ್ಟುಕೊಳ್ಳಲಿ ಎಂದಿತು. ಈ ಒಪ್ಪಂದದಿಂದ ಹುಟ್ಟಿದ ಅಂಚೆ ಒಕ್ಕೂಟವನ್ನು ಭಾರತ 1876ರ ಜುಲೈ 1ರಂದು ಸೇರಿತು. 1891ರಲ್ಲಿ ಇಂಗ್ಲೆಂಡಿನ ಪತ್ರಕ್ಕೆ ಎರಡೂವರೆ ಆಣೆ. 1898ರ ಡಿಸೆಂಬರ್ 25ರಿಂದ ಒಂದೇ ಆಣೆ. ಹೆನಿಕರ್ ಹೀಟನ್ ಎಂಬ ಸಂಸತ್ ಸದಸ್ಯ ಈ ಕಡಿಮೆ ದರಕ್ಕಾಗಿ ವರ್ಷಗಟ್ಟಲೆ ಹಟ ಹಿಡಿದಿದ್ದ. ಆಗಲೂ ಆಸ್ಟ್ರೇಲಿಯದ ವಸಾಹತುಗಳು ಆದಾಯ ಹೋಗುತ್ತದೆಂದು ಹಿಂದೆ ಸರಿದವು.

ತಪ್ಪು ಕಲ್ಪನೆ 9: ಈ ಟಪಾಲೆಲ್ಲ ದೊರೆಗಳ ಕ್ಷೇಮಸಮಾಚಾರ, ಇಲ್ಲಿನ ಜನಕ್ಕೆ ಅದರಿಂದ ಏನೂ ಆಗಲಿಲ್ಲ.

ವಾಸ್ತವ: ನಮ್ಮ ಎರೆಹೊಲದ ಹತ್ತಿಯ ಬೆಲೆಯನ್ನು ಆಡಿಸಿದ್ದು ಇದೇ ಟಪಾಲು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಲಂಕಾಷೈರಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಲಿವರ್‌ಪೂಲ್ ಪೇಟೆಯಲ್ಲಿ ‘ಧಾರವಾಡ’, ‘ಕುಮಟಾ’ ಎಂಬ ಹೆಸರಿನ ಹತ್ತಿಗೆ ಬೆಲೆ ಏರಿತು. ಲಿವರ್‌ಪೂಲಿನ ದರ ಹೊತ್ತ ಹಡಗು ಮುಂಬೈಗೆ ಬಂದ ದಿನ ಪೇಟೆ ಏಳುತ್ತಿತ್ತು ಅಥವಾ ಬೀಳುತ್ತಿತ್ತು. ಅದರ ಅಲೆ ಒಳನಾಡಿನ ಹತ್ತಿ ಪೇಟೆಗಳನ್ನು ಮುಟ್ಟುತ್ತಿತ್ತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಆಧಿಪತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂತು. ಬೆಲೆ ಕುಸಿದು ಮುಂಬೈಯ ಸಿರಿವಂತ ಮನೆಗಳೇ ಮುಳುಗಿದವು. ಹತ್ತಿ ನಂಬಿ ಸಾಲ ಮಾಡಿದ ರೈತನಿಗೂ ಏಟು ಬಿತ್ತು.

ಜನರ ಬಳಕೆಗೆ ಅಂಚೆ ನಿಧಾನವಾಗಿ ತೆರೆದುಕೊಂಡಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ವಹಿಸಿಕೊಂಡಿತು. ಅಕ್ಷರ ಬಾರದವರು ಬಲ್ಲವರಿಂದ ಬರೆಸಿದರು, ಟಪಾಲಿನವನಿಂದ ಓದಿಸಿಕೊಂಡರು. ಕಡಲ ಟಪಾಲಿಗಾಗಿ ಹುಟ್ಟಿದ ಶಿಸ್ತು ಮತ್ತು ವೇಳೆಯ ಲೆಕ್ಕ ಹಳ್ಳಿಯ ಕಾರ್ಡಿನ ಸೇವೆಗೂ ಬಂತು.

ತಪ್ಪು ಕಲ್ಪನೆ 10: ತಂತಿ ಬಂದ ಮೇಲೆ ಪತ್ರದ ಕೆಲಸ ಮುಗಿಯಿತು.

ವಾಸ್ತವ: ಭಾರತಕ್ಕೂ ಯುರೋಪಿಗೂ ತಂತಿ 1865ರಲ್ಲಿ ಪರ್ಷಿಯನ್ ಕೊಲ್ಲಿಯ ಮೂಲಕ ಕೂಡಿತು, 1870ರಲ್ಲಿ ಸೂಯೆಜ್–ಏಡನ್–ಮುಂಬೈ ಕಡಲತಳದ ತಂತಿ ಬಂತು. ಆದರೆ ಅದರ ದರ ಬಹಳ ದುಬಾರಿ. ಬೆಲೆಯ ಸುದ್ದಿ, ಸರ್ಕಾರದ ತುರ್ತು ಆಜ್ಞೆ ಬಿಟ್ಟರೆ ಬೇರೆಯವಕ್ಕೆ ಅದು ನಿಲುಕುತ್ತಿರಲಿಲ್ಲ.

1877ರ ಬರ ಇದಕ್ಕೆ ಸಾಕ್ಷಿ. ಕಲಾದಗಿ ಜಿಲ್ಲೆ ಆ ಬರದಲ್ಲಿ ತೀವ್ರವಾಗಿ ನಲುಗಿತು. ದಕ್ಷಿಣ ಭಾರತಕ್ಕೆ ನೆರವು ಬೇಡಿ ಮದ್ರಾಸಿನಿಂದ ಲಂಡನ್ ಮೇಯರ್‌ಗೆ ಹೋದ ಮನವಿ ತಂತಿಯಲ್ಲೇ ಹೋಯಿತು. ಲಂಡನ್ನಿನಲ್ಲಿ ಮ್ಯಾನ್ಶನ್ ಹೌಸ್ ಪರಿಹಾರ ನಿಧಿ ತೆರೆಯಿತು, ಆಸ್ಟ್ರೇಲಿಯದ ವಸಾಹತುಗಳೂ ಹಣ ಕಳಿಸಿದವು. ಆದರೆ ಬರದ ವಿವರವಾದ ವರದಿ, ಲೆಕ್ಕಪತ್ರ, ಕಂಗಾಲಾದ ಜನರ ಛಾಯಾಚಿತ್ರ ಇವೆಲ್ಲ ಹೋದದ್ದು ಹಡಗಿನ ಚೀಲದಲ್ಲಿ. ಎಚ್ಚರಿಸುವ ಕೆಲಸ ತಂತಿಯದು. ಮನವರಿಕೆ ಮಾಡುವ ಕೆಲಸ ಪತ್ರದ್ದು. ತಂತಿ ಬಂದ ಮೇಲೆ ಟಪಾಲಿನ ಚೀಲಗಳು ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ಕಲೆಗೆ ಕಾಲದ ಗೂಟ ಹೊಡೆದದ್ದು ಅದು. ಅಂಥ ಶಾಸನದ ಅಚ್ಚನ್ನು ಯಾವ ತಂತಿಯೂ ಒಯ್ಯಲಾರದು.

ಕೊನೆಯದಾಗಿ ಒಂದು ಕೋರಿಕೆ. ಈ ಇತಿಹಾಸದ ಆಧಾರಗಳು ಬಾಸೆಲ್ ಮಿಷನ್ನಿನ ಸಂಗ್ರಹದಲ್ಲಿ, ಲಂಡನ್ನಿನ ಗ್ರಂಥಾಲಯಗಳಲ್ಲಿ, ಮುಂಬೈಯ ಪತ್ರಾಗಾರದಲ್ಲಿ ಇವೆ. ಗುಳೇದಗುಡ್ಡದ ಮಿಷನರಿಗಳು ಬರೆದದ್ದನ್ನು ಕನ್ನಡದಲ್ಲಿ ಓದುವಂತೆ ಮಾಡುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಒಪ್ಪುವ ಕೆಲಸ. ಆದರೆ ಎಲ್ಲ ಆಧಾರವೂ ದೂರದಲ್ಲಿಲ್ಲ. ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಹಳೆಯ ವ್ಯಾಪಾರಿ ಮನೆಗಳ ಗಂಟುಗಳಲ್ಲಿ ಹಳೆಯ ಲಕೋಟೆಗಳು ಇದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಅವು ಕೈಗೆ ಸಿಕ್ಕಾಗ ಚೀಟಿ ಕತ್ತರಿಸಿಕೊಂಡು ಉಳಿದದ್ದನ್ನು ಎಸೆಯುವ ರೂಢಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಪತ್ರ ಯಾವ ದಿನ ಎಲ್ಲಿಂದ ಹೊರಟಿತು, ಯಾವ ಕಚೇರಿಯಲ್ಲಿ ಚೀಲ ಬದಲಿಸಿತು, ಎಂದು ಮನೆ ಸೇರಿತು ಎಂಬುದನ್ನು ಹೇಳುವುದು ಲಕೋಟೆಯ ಹಿಂದೆ ಮುಂದೆ ಬಿದ್ದಿರುವ ಮುದ್ರೆಗಳು. ಇಡಿಯಾಗಿ ಉಳಿದ ಒಂದು ಲಕೋಟೆ ಆ ಏರ್ಪಾಟಿನ ಪೂರ್ತಿ ದಾಖಲೆ. ಅದಕ್ಕೆ ಹಣ ಕೊಟ್ಟವರ ಮಕ್ಕಳು ಮೊಮ್ಮಕ್ಕಳು ನಾವು. ಅದನ್ನು ಓದುವ ಹಕ್ಕೂ ಕಾಪಾಡುವ ಹೊಣೆಯೂ ನಮ್ಮದು.